ಎರಡು ರೆಪೊಸಿಟರಿಗಳಲ್ಲಿ ಒಂದೇ ಫೋಲ್ಡರ್: ಗಿಟ್ ಕಮಾಂಡ್‌ಗಳಿಂದ ಕಡತಗಳನ್ನು ತದ್ರೂಪವಾಗಿ ಇಡುವ ಬಗೆ

ಗಿಟ್ ಎಂಬುದು ಕಡತಗಳ ಬದಲಾವಣೆಗಳನ್ನು ದಾಖಲಿಸುವ ಉಪಕರಣ; ಕಡತಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹವೇ ರೆಪೊಸಿಟರಿ. ತಂಡದೊಳಗಿನ ರೆಪೊಸಿಟರಿಯಲ್ಲಿರುವ ಕೈಪಿಡಿ ಫೋಲ್ಡರ್ ಸಾರ್ವಜನಿಕ ರೆಪೊಸಿಟರಿಯಲ್ಲೂ ಬೇಕು. ಸರ್ವರ್ ಬರೆಯುವವರು ಇಟ್ಟುಕೊಂಡ ಸ್ಕೀಮಾ ಕಡತಗಳು ಮೊಬೈಲ್ ಆ್ಯಪ್ ಬರೆಯುವವರ ರೆಪೊಸಿಟರಿಯಲ್ಲೂ ಬೇಕು. ಇಂಥ ಬೇಡಿಕೆ ಬಂದಾಗ ಮೊದಲ ಸಲ ಯಾರೋ ಒಬ್ಬರು ಕೈಯಿಂದಲೇ ಕಾಪಿ ಮಾಡಿ ಅಂಟಿಸುತ್ತಾರೆ. ಎರಡನೆಯ ಸಲವೂ ನೆನಪಿಟ್ಟು ಮಾಡುತ್ತಾರೆ. ಆಮೇಲೆ ಮರೆತುಹೋಗುತ್ತದೆ. ಕೆಲವು ತಿಂಗಳು ಕಳೆದು ನೋಡಿದರೆ ಹೆಸರು ಒಂದೇ, ಒಳಗಿರುವುದು ಬೇರೆ ಬೇರೆ. ಎರಡರಲ್ಲಿ ಯಾವುದು ಸರಿ ಎಂದು ಖಚಿತವಾಗಿ ಹೇಳುವವರು ಯಾರೂ ಇರುವುದಿಲ್ಲ.

ಈ ಕೆಲಸವನ್ನು ಕಮಾಂಡ್‌ಗಳಿಗೆ ಒಪ್ಪಿಸುವುದು ಕಷ್ಟವಲ್ಲ. ಆದರೆ ಸುಲಭವಾಗಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಹೊಸ ಕಡತವನ್ನು ತಂದು ಸೇರಿಸುವುದು, ಬದಲಾದ ಕಡತವನ್ನು ಹೊಸದಾಗಿಸುವುದು ಯಾವ ಉಪಕರಣಕ್ಕೂ ಬರುತ್ತದೆ. ಮೂಲದಲ್ಲಿ ಅಳಿಸಿದ ಕಡತ ಗುರಿಯಲ್ಲೂ ಅಳಿಯುತ್ತದೆಯೇ? ಗುರಿಯಲ್ಲಿರುವುದು ಮೂಲದ ಯಾವ ಕಮಿಟ್‌ನಿಂದ, ಅಂದರೆ ದಾಖಲಾದ ಯಾವ ಸ್ಥಿತಿಯಿಂದ, ಬಂದದ್ದು ಎಂದು ಆರು ತಿಂಗಳ ನಂತರವೂ ತಿಳಿಯುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಹೌದು ಎನ್ನಲು ಆಗದಿದ್ದರೆ ಅದು ತದ್ರೂಪವಲ್ಲ, ಹಳೆಯ ಕಾಪಿಯ ಮೇಲೆ ಹೊಸ ಕಾಪಿ ಅಷ್ಟೆ.

ಓದುವ ಮುನ್ನ ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಹೆಡ್ ಮತ್ತು ಫೆಚ್_ಹೆಡ್ ಎಂಬ ಎರಡು ಹೆಸರುಗಳು ದೊಡ್ಡಕ್ಷರದಲ್ಲಿರಬೇಕು, ಗಿಟ್‌ನ ಉಳಿದ ಪದಗಳೆಲ್ಲ ಸಣ್ಣಕ್ಷರದಲ್ಲಿ. ಉದಾಹರಣೆಯ ಫೋಲ್ಡರ್‌ಗೆ ಡಾಕ್ಸ್ ಎಂದೂ ಬ್ರಾಂಚ್‌ಗೆ (ಇತಿಹಾಸದ ಒಂದು ಕವಲು) ಮೇನ್ ಎಂದೂ ಹೆಸರಿಟ್ಟಿದ್ದೇನೆ. ನಿಮ್ಮಲ್ಲಿರುವ ಹೆಸರನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲು ತೀರ್ಮಾನಿಸಬೇಕಾದದ್ದು

ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಕಮಾಂಡ್ ಮುಟ್ಟುವ ಮೊದಲೇ ತಂಡದವರು ಒಪ್ಪಿಕೊಂಡಿರಬೇಕು. ಬದಲಾವಣೆ ಮೂಲದಲ್ಲಿ ಮಾತ್ರ ಆಗಬೇಕು, ಗುರಿಗೆ ಹರಿದು ಬರಬೇಕು. ಎರಡೂ ಕಡೆ ತಿದ್ದುತ್ತೇವೆ, ಎರಡೂ ಕಡೆಗೆ ಹೊಂದಿಸುತ್ತೇವೆ ಎನ್ನುವ ಯೋಜನೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಒಂದೇ ಸಾಲನ್ನು ಇಬ್ಬರು ಎರಡು ಕಡೆ ತಿದ್ದಿದಾಗ ಯಾರದ್ದು ಉಳಿಯಬೇಕು ಎಂಬುದನ್ನು ಯಂತ್ರ ನಿರ್ಧರಿಸಲಾರದು. ಗುರಿಯಲ್ಲಿ ತಪ್ಪು ಕಂಡವರು ಮೂಲಕ್ಕೆ ಬಂದು ತಿದ್ದುವಂತೆ ದಾರಿ ಮಾಡಿಕೊಡುವುದೇ ಸರಿ. ಮೂಲದ ಡಾಕ್ಸ್ ಫೋಲ್ಡರ್‌ನೊಳಗೇ ಒಂದು ರೀಡ್‌ಮಿ ಕಡತ ಇಟ್ಟು, ಇದನ್ನು ಎಲ್ಲಿ ತಿದ್ದಬೇಕು ಎಂದು ಬರೆದುಬಿಡಿ. ಆ ಸೂಚನೆಯೂ ಉಳಿದ ಕಡತಗಳೊಂದಿಗೆ ಗುರಿಗೆ ಹೋಗಿ ಸೇರುತ್ತದೆ.

ಎರಡನೆಯ ತೀರ್ಮಾನ: ಇಡೀ ರೆಪೊಸಿಟರಿ ಬೇಕೋ, ಅದರ ಒಂದು ಫೋಲ್ಡರ್ ಸಾಕೋ? ಇವೆರಡೂ ಬೇರೆ ಬೇರೆ ಕೆಲಸಗಳು, ಕಮಾಂಡ್‌ಗಳೂ ಬೇರೆ.

ಇಡೀ ರೆಪೊಸಿಟರಿಯಾದರೆ

ಇದು ಸಣ್ಣ ಕೆಲಸ. ಗಿಟ್‌ನಲ್ಲೇ ಇದಕ್ಕೆಂದು ಒಂದು ಆಯ್ಕೆ ಇದೆ. ಕ್ಲೋನ್ ಎಂದರೆ ರೆಪೊಸಿಟರಿಯ ನಕಲನ್ನು ನಮ್ಮ ಯಂತ್ರಕ್ಕೆ ತರುವುದು, ಫೆಚ್ ಎಂದರೆ ಅಲ್ಲಿ ಹೊಸದಾಗಿ ಬಂದದ್ದನ್ನು ತರುವುದು, ಪುಷ್ ಎಂದರೆ ನಮ್ಮಲ್ಲಿರುವುದನ್ನು ಅಲ್ಲಿಗೆ ಕಳಿಸುವುದು.

```
ಗಿಟ್ ಕ್ಲೋನ್ --ಮಿರರ್ <ಮೂಲದ ವಿಳಾಸ> ನಕಲು.ಗಿಟ್
ಸಿಡಿ ನಕಲು.ಗಿಟ್
ಗಿಟ್ ಪುಷ್ --ಮಿರರ್ <ಗುರಿಯ ವಿಳಾಸ>
```

ಮಿರರ್ ಆಯ್ಕೆಯಿಂದ ತಂದ ನಕಲಿನಲ್ಲಿ ಕೆಲಸ ಮಾಡುವ ಕಡತಗಳು ಕಾಣುವುದಿಲ್ಲ. ಬ್ರಾಂಚ್‌ಗಳು, ಟ್ಯಾಗ್‌ಗಳು (ಕಮಿಟ್‌ಗಳಿಗೆ ಇಟ್ಟ ಹೆಸರುಗಳು), ಇತಿಹಾಸ ಮಾತ್ರ ಇರುತ್ತವೆ. ಮುಂದಿನ ಸಲ ಆ ನಕಲಿನೊಳಗೆ ‘ಗಿಟ್ ಫೆಚ್ --ಪ್ರೂನ್’ ಓಡಿಸಿ ಮತ್ತೆ ಪುಷ್ ಮಾಡಿದರೆ ಸಾಕು.

ಎಚ್ಚರ ಬೇಕಾದದ್ದು ಪುಷ್‌ನಲ್ಲಿ. ಮಿರರ್ ಪುಷ್ ಎಂದರೆ ಗುರಿಯಲ್ಲಿದ್ದು ನಿಮ್ಮ ನಕಲಿನಲ್ಲಿ ಇಲ್ಲದ ಪ್ರತಿಯೊಂದು ಬ್ರಾಂಚ್ ಮತ್ತು ಟ್ಯಾಗನ್ನೂ ಅದು ಅಳಿಸಿಹಾಕುತ್ತದೆ. ಹೊಂದದ ಇತಿಹಾಸವನ್ನು ಕೇಳದೆ ಮೇಲೆ ಬರೆಯುತ್ತದೆ. ಹಾಗಾಗಿ ಗುರಿಯು ಈ ಕೆಲಸಕ್ಕೆಂದೇ ತೆರೆದ ರೆಪೊಸಿಟರಿಯಾಗಿರಬೇಕು. ರೆಪೊಸಿಟರಿಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಿಂದ ಗಿಟ್‌ಹಬ್‌ಗೇ ಕಳಿಸುವಾಗ ಇನ್ನೊಂದು ತೊಡಕು ಬರುತ್ತದೆ. ಪುಲ್ ರಿಕ್ವೆಸ್ಟ್‌ಗಳಿಗಾಗಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಗಿಟ್‌ಹಬ್ ತಾನೇ ಇಟ್ಟುಕೊಂಡ ಗುಪ್ತ ರೆಫ್‌ಗಳೂ (ಕಮಿಟ್‌ಗಳನ್ನು ತೋರಿಸುವ ಹೆಸರುಗಳು) ನಕಲಿನೊಳಗೆ ಬಂದಿರುತ್ತವೆ, ಹೊರಗಿನವರು ಅವನ್ನು ಬರೆಯಲು ಅದು ಬಿಡುವುದಿಲ್ಲ. ಆಗ ಬ್ರಾಂಚ್ ಮತ್ತು ಟ್ಯಾಗ್‌ಗಳನ್ನಷ್ಟೇ ಹೆಸರಿಸಿ ಕಳಿಸಿ:

```
ಗಿಟ್ ಪುಷ್ --ಪ್ರೂನ್ <ಗುರಿಯ ವಿಳಾಸ> '+ರೆಫ್ಸ್/ಹೆಡ್ಸ್/*:ರೆಫ್ಸ್/ಹೆಡ್ಸ್/*' '+ರೆಫ್ಸ್/ಟ್ಯಾಗ್ಸ್/*:ರೆಫ್ಸ್/ಟ್ಯಾಗ್ಸ್/*'
```

ನಕ್ಷತ್ರ ಚಿಹ್ನೆಯನ್ನು ಶೆಲ್ ತನ್ನ ಅರ್ಥದಲ್ಲಿ ಓದದಿರಲಿ ಎಂದು ಒಂಟಿ ಉದ್ಧರಣ ಚಿಹ್ನೆ. ಇಶ್ಯೂಗಳು, ಪುಲ್ ರಿಕ್ವೆಸ್ಟ್‌ಗಳ ಚರ್ಚೆ, ಹುಕ್‌ಗಳು ಈ ದಾರಿಯಲ್ಲಿ ಬರುವುದಿಲ್ಲ. ದೊಡ್ಡ ಕಡತಗಳಿಗೆ ಗಿಟ್ ಎಲ್‌ಎಫ್‌ಎಸ್ ಬಳಸಿದ್ದರೆ ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’ ಮತ್ತು ‘ಗಿಟ್ ಎಲ್‌ಎಫ್‌ಎಸ್ ಪುಷ್ --ಆಲ್’ ಎಂಬುವನ್ನು ಬೇರೆಯಾಗಿ ಓಡಿಸಬೇಕು. ಇಲ್ಲವಾದರೆ ಗುರಿಗೆ ಹೋಗುವುದು ಕಡತಗಳಲ್ಲ, ಅವುಗಳ ಗುರುತುಚೀಟಿಗಳು ಮಾತ್ರ.

ಇದನ್ನು ಬ್ಯಾಕಪ್ ಎಂದು ಭಾವಿಸಬೇಡಿ. ಮೂಲದಲ್ಲಿ ಯಾರಾದರೂ ಬ್ರಾಂಚ್ ಅಳಿಸಿದರೆ ಮುಂದಿನ ಓಟದಲ್ಲಿ ಗುರಿಯಲ್ಲೂ ಅದು ಹೋಗುತ್ತದೆ. ಬ್ಯಾಕಪ್ ಬೇಕಾದವರು ‘ಗಿಟ್ ಬಂಡಲ್ ಕ್ರಿಯೇಟ್’ ಬಳಸಿ ದಿನಾಂಕ ನಮೂದಿಸಿದ ಬಂಡಲ್ ಕಡತಗಳನ್ನು ಬೇರೆ ಜಾಗದಲ್ಲಿ ಇಟ್ಟುಕೊಳ್ಳಲಿ.

ಒಂದು ಫೋಲ್ಡರ್ ಮಾತ್ರವಾದರೆ

ಹೆಚ್ಚಿನವರಿಗೆ ಬೇಕಾದದ್ದು ಇದೇ, ಎಡವುವುದೂ ಇಲ್ಲೇ. ಕಡತಗಳನ್ನು ಡಿಸ್ಕ್‌ನಲ್ಲಿ ಕಾಪಿ ಮಾಡುವ ಬದಲು ಮೂಲದ ಕಮಿಟ್‌ನಿಂದಲೇ ನೇರವಾಗಿ ಎತ್ತಿಕೊಳ್ಳುವುದು ಉತ್ತಮ ಎನ್ನುವುದು ನನ್ನ ದೃಢ ಅಭಿಪ್ರಾಯ. ಡಿಸ್ಕ್‌ನಲ್ಲಿರುವ ಫೋಲ್ಡರ್‌ನಲ್ಲಿ ಏನೇನೋ ಇರುತ್ತದೆ: ಬಿಲ್ಡ್ ಆದ ಕಡತಗಳು, ಎಡಿಟರ್ ಬಿಟ್ಟುಹೋದ ತಾತ್ಕಾಲಿಕ ಕಡತಗಳು, ಪಾಸ್‌ವರ್ಡ್ ಬರೆದಿಟ್ಟ ಕಡತ, ಇನ್ನೂ ಕಮಿಟ್ ಆಗದ ಅರೆಬರೆ ತಿದ್ದುಪಡಿ. ಕಮಿಟ್‌ನೊಳಗೆ ಇವು ಸಾಮಾನ್ಯವಾಗಿ ಇರುವುದಿಲ್ಲ. ತಂಡ ಒಪ್ಪಿ ಸೇರಿಸಿದ್ದು ಮಾತ್ರ ಇರುತ್ತದೆ.

ಗುರಿ ರೆಪೊಸಿಟರಿಯ ಕ್ಲೋನ್‌ನಲ್ಲಿ, ಅದರ ಮೇಲ್ಮಟ್ಟದ ಫೋಲ್ಡರ್‌ನಲ್ಲಿ ನಿಂತು ಶುರುಮಾಡಿ.

```
ಗಿಟ್ ಸ್ಟೇಟಸ್ --ಪೋರ್ಸಲೇನ್
ಗಿಟ್ ಪುಲ್ --ಎಫ್ಎಫ್-ಓನ್ಲಿ
```

ಮೊದಲ ಕಮಾಂಡ್ ಏನನ್ನೂ ತೋರಿಸಬಾರದು. ಒಂದು ಸಾಲು ತೋರಿಸಿದರೂ ಅಲ್ಲಿಗೇ ನಿಲ್ಲಿಸಿ; ಮುಂದೆ ಬರುವ ಕಮಾಂಡ್ ಕಮಿಟ್ ಆಗದ ತಿದ್ದುಪಡಿಯನ್ನು ಸದ್ದಿಲ್ಲದೆ ಅಳಿಸಬಲ್ಲದು. ಎರಡನೆಯದು ಗುರಿಯಲ್ಲಿ ಬೇರೆಯವರು ಮಾಡಿದ ಕೆಲಸವನ್ನು ತಂದುಕೊಳ್ಳುತ್ತದೆ, ಇತಿಹಾಸ ಕವಲೊಡೆದಿದ್ದರೆ ತಾನೇ ನಿಲ್ಲುತ್ತದೆ. ಈಗ ಮೂಲವನ್ನು ತನ್ನಿ.

```
ಗಿಟ್ ಫೆಚ್ --ನೋ-ಟ್ಯಾಗ್ಸ್ <ಮೂಲದ ವಿಳಾಸ> ಮೇನ್
ಐಡಿ=$(ಗಿಟ್ ರೆವ್-ಪಾರ್ಸ್ ಫೆಚ್_ಹೆಡ್)
```

ತಂದ ಕಮಿಟ್‌ಗೆ ಗಿಟ್ ಫೆಚ್_ಹೆಡ್ ಎಂಬ ತಾತ್ಕಾಲಿಕ ಹೆಸರು ಕೊಡುತ್ತದೆ. ಮುಂದಿನ ಯಾವುದೇ ಫೆಚ್ ಅಥವಾ ಪುಲ್ ಆ ಹೆಸರನ್ನು ಬೇರೆ ಕಮಿಟ್‌ಗೆ ತಿರುಗಿಸಿಬಿಡುತ್ತದೆ. ಅದಕ್ಕೇ ಪುಲ್ ಮೊದಲು, ಫೆಚ್ ಆಮೇಲೆ. ಅದಕ್ಕೇ ಕಮಿಟ್‌ನ ನಿಜವಾದ ಹ್ಯಾಶನ್ನು (ಒಳಗಿರುವುದರಿಂದ ಲೆಕ್ಕಹಾಕಿದ ಗುರುತು) ಐಡಿ ಎಂಬ ವೇರಿಯಬಲ್‌ನಲ್ಲಿ ಕೂಡಲೇ ಹಿಡಿದಿಟ್ಟುಕೊಂಡದ್ದು.

ನೋ-ಟ್ಯಾಗ್ಸ್ ಎಂಬ ಆಯ್ಕೆಯನ್ನು ಬಿಡಬೇಡಿ. ಮೂಲದ ಟ್ಯಾಗ್‌ಗಳು ಗುರಿಯ ಕ್ಲೋನ್‌ನೊಳಗೆ ಬಂದು ಕುಳಿತರೆ, ಮುಂದೊಂದು ದಿನ ಯಾರೋ ಟ್ಯಾಗ್‌ಗಳನ್ನೆಲ್ಲ ಪುಷ್ ಮಾಡಿದಾಗ ಆ ಟ್ಯಾಗ್‌ಗಳ ಹಿಂದಿರುವ ಮೂಲದ ಇಡೀ ಇತಿಹಾಸವೂ ಜೊತೆಗೆ ಹೋಗುತ್ತದೆ. ಮೂಲ ಖಾಸಗಿ, ಗುರಿ ಸಾರ್ವಜನಿಕ ಎಂದಾದರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಟ್ಯಾಗ್ ಇಲ್ಲದಿದ್ದರೆ ಭಯವಿಲ್ಲ: ಪುಷ್ ಮಾಡಿದಾಗ ಗುರಿಯ ಕಮಿಟ್‌ಗಳಿಂದ ತಲುಪಬಹುದಾದ ವಸ್ತುಗಳನ್ನು ಮಾತ್ರ ಗಿಟ್ ಕಳಿಸುತ್ತದೆ, ಮೂಲದ ಕಮಿಟ್‌ಗಳು ನಿಮ್ಮ ಯಂತ್ರದಲ್ಲೇ ಉಳಿಯುತ್ತವೆ.

ಈಗ ಮುಖ್ಯ ಕಮಾಂಡ್.

```
ಗಿಟ್ ರಿಸ್ಟೋರ್ --ಸೋರ್ಸ್=$ಐಡಿ --ಸ್ಟೇಜ್ಡ್ --ವರ್ಕ್‌ಟ್ರೀ -- ಡಾಕ್ಸ್
```

ಇದೇ ಕೆಲಸಕ್ಕೆ ‘ಗಿಟ್ ಚೆಕ್‌ಔಟ್ ಫೆಚ್_ಹೆಡ್ -- ಡಾಕ್ಸ್’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನೋಡಲು ಎರಡೂ ಒಂದೇ, ಆದರೆ ಚೆಕ್‌ಔಟ್ ತಾನಾಗಿ ಏನನ್ನೂ ಅಳಿಸುವುದಿಲ್ಲ. ಮೂಲದಲ್ಲಿ ಕಳೆದ ವರ್ಷ ತೆಗೆದುಹಾಕಿದ ಪುಟ ಗುರಿಯಲ್ಲಿ ಹಾಗೆಯೇ ಉಳಿದಿರುತ್ತದೆ, ಓದುಗರು ಅದನ್ನು ನಂಬಿ ನಡೆಯುತ್ತಿರುತ್ತಾರೆ. ರಿಸ್ಟೋರ್ ಹಾಗಲ್ಲ. ಮೂಲದ ಆ ಕಮಿಟ್‌ನಲ್ಲಿ ಇಲ್ಲದ, ಆದರೆ ಗುರಿಯ ಡಾಕ್ಸ್ ಫೋಲ್ಡರ್‌ನಲ್ಲಿ ಗಿಟ್ ಬಲ್ಲ ಕಡತಗಳನ್ನು ಅದು ತೆಗೆದುಹಾಕುತ್ತದೆ. 2019ರಲ್ಲಿ ಬಂದ ಗಿಟ್ 2.23ರಿಂದ ಈ ಕಮಾಂಡ್ ಇದೆ.

ಗುರಿಯಲ್ಲಿ ಫೋಲ್ಡರ್‌ನ ಹೆಸರು ಬೇರೆಯಾಗಿರಬೇಕಾದರೆ ರಿಸ್ಟೋರ್ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ಎರಡೂ ಕಡೆ ಒಂದೇ ದಾರಿಯನ್ನು ನಿರೀಕ್ಷಿಸುತ್ತದೆ. ಮೂಲದ ಡಾಕ್ಸ್ ಗುರಿಯಲ್ಲಿ ಮ್ಯಾನ್ಯುಯಲ್ ಆಗಬೇಕು ಎಂದಿಟ್ಟುಕೊಳ್ಳಿ:

```
ಗಿಟ್ ಆರ್‌ಎಮ್ -ಆರ್ --ಇಗ್ನೋರ್-ಅನ್‌ಮ್ಯಾಚ್ ಮ್ಯಾನ್ಯುಯಲ್
ಗಿಟ್ ರೀಡ್-ಟ್ರೀ --ಪ್ರಿಫಿಕ್ಸ್=ಮ್ಯಾನ್ಯುಯಲ್/ -ಯು $ಐಡಿ:ಡಾಕ್ಸ್
```

ಹಳೆಯ ಫೋಲ್ಡರನ್ನು ಪೂರ್ತಿ ತೆಗೆದು, ಮೂಲದ ಫೋಲ್ಡರನ್ನು ಇಡಿಯಾಗಿ ಆ ಜಾಗದಲ್ಲಿ ಕೂರಿಸುವುದು ಇದರ ಕೆಲಸ. ಮೊದಲ ಸಾಲಿನ ಇಗ್ನೋರ್-ಅನ್‌ಮ್ಯಾಚ್ ಮೊದಲ ಓಟಕ್ಕಾಗಿ. ಫೋಲ್ಡರ್ ಇನ್ನೂ ಇಲ್ಲದಿದ್ದಾಗ ಕಮಾಂಡ್ ದೋಷ ಎಂದು ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಅಳಿಸುವ ಕಮಾಂಡ್‌ಗೆ ಬಲವಂತದ ಆಯ್ಕೆಯನ್ನು ಸೇರಿಸಬೇಡಿ. ಕಮಿಟ್ ಆಗದ ತಿದ್ದುಪಡಿ ಕಂಡಾಗ ಅದು ನಿರಾಕರಿಸುವುದೇ ನಿಮಗೊಂದು ರಕ್ಷಣೆ.

ಎಲ್ಲಿಂದ ಬಂತು ಎಂಬ ಗುರುತು

ಬದಲಾವಣೆ ಏನೂ ಇಲ್ಲದಿದ್ದರೆ ಕಮಿಟ್ ಬೇಡ. ‘ಗಿಟ್ ಡಿಫ್ --ಕ್ಯಾಶ್ಡ್ --ಕ್ವಯಟ್’ ಎಂಬ ಕಮಾಂಡ್ ವ್ಯತ್ಯಾಸವಿಲ್ಲದಿದ್ದರೆ 0 ಹಿಂತಿರುಗಿಸುತ್ತದೆ, ಇದ್ದರೆ 1. ಸ್ಕ್ರಿಪ್ಟ್‌ನಲ್ಲಿ ಇದನ್ನು ನೋಡಿ, 0 ಬಂದರೆ ಅಲ್ಲಿಗೇ ಮುಗಿಸಿ. ವ್ಯತ್ಯಾಸವಿದ್ದರೆ:

```
ಗಿಟ್ ಕಮಿಟ್ -ಎಂ "ಡಾಕ್ಸ್ ಫೋಲ್ಡರ್ ಮೂಲದಿಂದ ಹೊಸದಾಗಿದೆ" --ಟ್ರೇಲರ್ "ಸೋರ್ಸ್-ಕಮಿಟ್: $ಐಡಿ"
ಗಿಟ್ ಪುಷ್
```

ಟ್ರೇಲರ್ ಎಂದರೆ ಕಮಿಟ್ ಸಂದೇಶದ ಕೊನೆಯಲ್ಲಿ ನಿಲ್ಲುವ, ಹೆಸರು ಮತ್ತು ಮೌಲ್ಯದ ಜೋಡಿಯಾದ ಒಂದು ಸಾಲು. ಕಮಿಟ್ ಕಮಾಂಡ್‌ಗೆ ಈ ಆಯ್ಕೆ ಬಂದದ್ದು ಗಿಟ್ 2.32ರಲ್ಲಿ. ಅದಕ್ಕಿಂತ ಹಳೆಯ ಆವೃತ್ತಿ ಇದ್ದರೆ ಇನ್ನೊಂದು -ಎಂ ಸೇರಿಸಿ ಅದರಲ್ಲಿ ಆ ಸಾಲನ್ನು ಬರೆಯಿರಿ, ಫಲ ಒಂದೇ. ಈ ಒಂದು ಸಾಲಿಗಾಗಿ ಎಷ್ಟು ಒತ್ತಾಯಿಸಿದರೂ ಕಡಿಮೆಯೇ. ಗುರಿಯಲ್ಲಿ ವಿಚಿತ್ರವಾದ ವಾಕ್ಯವೊಂದು ಕಂಡಾಗ, ಅದನ್ನು ಬರೆದವರು ಯಾರು, ಏಕೆ ಬರೆದರು ಎಂದು ಹುಡುಕುವ ದಾರಿ ಈ ಹ್ಯಾಶ್‌ನಿಂದಲೇ ತೆರೆಯುತ್ತದೆ. ಅದಿಲ್ಲದೆ ಗುರಿಯ ಇತಿಹಾಸದಲ್ಲಿ ಉಳಿಯುವುದು ಸ್ಕ್ರಿಪ್ಟ್‌ನ ಹೆಸರು ಮಾತ್ರ.

ಪುಷ್ ತಿರಸ್ಕೃತವಾದರೆ, ಅಂದರೆ ನಡುವೆ ಯಾರೋ ಗುರಿಗೆ ಕಮಿಟ್ ಕಳಿಸಿದ್ದರೆ, ಬಲವಂತದ ಪುಷ್ ಮಾಡಬೇಡಿ. ಈಗಷ್ಟೇ ಮಾಡಿದ ಕಮಿಟನ್ನು ಬಿಟ್ಟು ಮೊದಲಿನಿಂದ ಮತ್ತೆ ಓಡಿಸಿ. ಕೆಲಸವೆಲ್ಲ ಯಂತ್ರದ್ದೇ ಆದ್ದರಿಂದ ನಷ್ಟವೇನಿಲ್ಲ.

ತದ್ರೂಪವೇ ಎಂದು ಪರೀಕ್ಷಿಸುವುದು

ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಗಿಟ್ ಪ್ರತಿಯೊಂದು ಫೋಲ್ಡರ್‌ನ ಸ್ಥಿತಿಯನ್ನೂ ಟ್ರೀ ಎಂಬ ವಸ್ತುವಾಗಿ ಉಳಿಸಿಕೊಳ್ಳುತ್ತದೆ. ಕಡತಗಳ ಹೆಸರು, ಅವುಗಳ ಒಳಗಿರುವುದು, ಓಡಿಸಬಹುದಾದ ಕಡತವೇ ಅಲ್ಲವೇ ಎಂಬ ಗುರುತು, ಇವುಗಳಿಂದಲೇ ಆ ಟ್ರೀಯ ಹ್ಯಾಶ್ ಹುಟ್ಟುತ್ತದೆ. ಯಾವ ರೆಪೊಸಿಟರಿ, ಯಾವಾಗ, ಯಾರು ಎಂಬುದು ಅದರೊಳಗೆ ಸೇರುವುದಿಲ್ಲ. ಹಾಗಾಗಿ ಎರಡು ರೆಪೊಸಿಟರಿಗಳಲ್ಲಿರುವ ಎರಡು ಫೋಲ್ಡರ್‌ಗಳು ತದ್ರೂಪವಾಗಿದ್ದರೆ ಅವುಗಳ ಹ್ಯಾಶ್ ಕೂಡ ಒಂದೇ ಆಗಿರಬೇಕು.

```
ಗಿಟ್ ರೆವ್-ಪಾರ್ಸ್ $ಐಡಿ:ಡಾಕ್ಸ್
ಗಿಟ್ ರೆವ್-ಪಾರ್ಸ್ ಹೆಡ್:ಡಾಕ್ಸ್
```

ಹೆಡ್ ಎಂದರೆ ಗುರಿಯ ಈಗಿನ ಕಮಿಟ್. ಎರಡೂ ಸಾಲು ಒಂದೇ 40 ಅಕ್ಷರಗಳನ್ನು ಕೊಟ್ಟರೆ ಸಾವಿರಾರು ಕಡತಗಳಿದ್ದರೂ ಒಂದೊಂದನ್ನೂ ತೆರೆದು ಹೋಲಿಸಬೇಕಾಗಿಲ್ಲ. ಒಂದು ಬೈಟ್ ಬದಲಾಗಿದ್ದರೂ ಹ್ಯಾಶ್ ಬೇರೆಯಾಗುತ್ತದೆ. ಎಸ್‌ಎಚ್‌ಎ-256 ಬಳಸುವ ರೆಪೊಸಿಟರಿಗಳಲ್ಲಿ ಹ್ಯಾಶ್ 64 ಅಕ್ಷರಗಳದ್ದು. ಎರಡು ಬಗೆಯ ರೆಪೊಸಿಟರಿಗಳ ನಡುವೆ ಈ ಹೋಲಿಕೆ ನಡೆಯುವುದಿಲ್ಲ.

ಇದೇ ಹೋಲಿಕೆ ಇನ್ನೊಂದು ತೊಂದರೆಯನ್ನೂ ಹಿಡಿದುಕೊಡುತ್ತದೆ. ಗುರಿಯಲ್ಲಿ ತಿದ್ದಬಾರದು ಎಂದು ಎಷ್ಟೇ ಬರೆದಿಟ್ಟರೂ ಯಾರೋ ಒಬ್ಬರು ತಿದ್ದುತ್ತಾರೆ. ಮುಂದಿನ ಓಟದಲ್ಲಿ ಅವರ ಶ್ರಮ ಹೇಳಕೇಳದೆ ಅಳಿಸಿಹೋಗುವುದು ನ್ಯಾಯವಲ್ಲ. ಆದ್ದರಿಂದ ರಿಸ್ಟೋರ್‌ಗೆ ಮೊದಲು, ಹಿಂದಿನ ಓಟದಲ್ಲಿ ಬರೆದ ಹ್ಯಾಶನ್ನು ಇತಿಹಾಸದಿಂದ ಎತ್ತಿಕೊಳ್ಳಿ:

```
ಹಳೆ=$(ಗಿಟ್ ಲಾಗ್ -1 --ಗ್ರೆಪ್='^ಸೋರ್ಸ್-ಕಮಿಟ್:' --ಫಾರ್ಮ್ಯಾಟ್='%(ಟ್ರೇಲರ್ಸ್:ಕೀ=ಸೋರ್ಸ್-ಕಮಿಟ್,ವ್ಯಾಲ್ಯೂಓನ್ಲಿ)')
ಗಿಟ್ ರೆವ್-ಪಾರ್ಸ್ $ಹಳೆ:ಡಾಕ್ಸ್
ಗಿಟ್ ರೆವ್-ಪಾರ್ಸ್ ಹೆಡ್:ಡಾಕ್ಸ್
```

ಕೊನೆಯ ಎರಡು ಹ್ಯಾಶ್‌ಗಳು ಹೊಂದದಿದ್ದರೆ, ಹಿಂದಿನ ಓಟದ ನಂತರ ಗುರಿಯ ಫೋಲ್ಡರನ್ನು ಯಾರೋ ಮುಟ್ಟಿದ್ದಾರೆ ಎಂದೇ ಅರ್ಥ. ಸ್ಕ್ರಿಪ್ಟ್ ಅಲ್ಲಿ ನಿಲ್ಲಲಿ, ಸಂಬಂಧಪಟ್ಟವರಿಗೆ ತಿಳಿಸಲಿ. ಆ ತಿದ್ದುಪಡಿ ಒಳ್ಳೆಯದಾಗಿದ್ದರೆ ಮೂಲಕ್ಕೆ ಸೇರಿಸಿ, ಗುರಿಯಲ್ಲಿ ಅದನ್ನು ಹಿಂದೆಗೆದು, ಆಮೇಲೆ ಮತ್ತೆ ಓಡಿಸಿ. ಮೂಲದವರು ತಮ್ಮ ಬ್ರಾಂಚ್‌ನ ಇತಿಹಾಸವನ್ನೇ ತಿರುಗಿ ಬರೆದಿದ್ದರೆ ಹಳೆಯ ಹ್ಯಾಶ್ ಸಿಗದೆಯೂ ಹೋಗಬಹುದು. ಆಗಲೂ ನಿಲ್ಲುವುದೇ ಸರಿ.

ಆರ್‌ಸಿಂಕ್ ಯಾವಾಗ

ಕೆಲವು ಸಂದರ್ಭಗಳಲ್ಲಿ ಡಿಸ್ಕ್‌ನಿಂದಲೇ ಕಾಪಿ ಮಾಡಬೇಕಾಗುತ್ತದೆ. ಬಿಲ್ಡ್ ಆದ ಮೇಲೆ ಹುಟ್ಟುವ ಕಡತಗಳನ್ನು ಕಳಿಸಬೇಕಾದಾಗ, ಅಥವಾ ಕೆಲವನ್ನು ಆರಿಸಿ ಕೆಲವನ್ನು ಬಿಡಬೇಕಾದಾಗ 1996ರಿಂದ ಇರುವ ಆರ್‌ಸಿಂಕ್ ಇಂದಿಗೂ ಉತ್ತಮ ಉಪಕರಣ.

```
ಆರ್‌ಸಿಂಕ್ -ಎ --ಚೆಕ್‌ಸಮ್ --ಡಿಲೀಟ್ --ಎಕ್ಸ್‌ಕ್ಲೂಡ್=.ಗಿಟ್ --ಡ್ರೈ-ರನ್ --ಐಟಮೈಜ್-ಚೇಂಜಸ್ ಮೂಲ/ಡಾಕ್ಸ್/ ಗುರಿ/ಡಾಕ್ಸ್/
```

ಡ್ರೈ-ರನ್ ಇರುವವರೆಗೆ ಏನೂ ಬದಲಾಗುವುದಿಲ್ಲ. ಏನಾಗಲಿದೆ ಎಂದು ಪಟ್ಟಿ ಮಾತ್ರ ಬರುತ್ತದೆ. ಅಳಿಯಲಿರುವ ಕಡತಗಳ ಸಾಲುಗಳನ್ನು ಓದಿ, ತೃಪ್ತಿಯಾದ ಮೇಲೆ ಆ ಆಯ್ಕೆಯನ್ನು ತೆಗೆದು ಓಡಿಸಿ. ಮೂಲದ ದಾರಿಯ ಕೊನೆಯಲ್ಲಿರುವ ಓರೆಗೆರೆಗೆ ದೊಡ್ಡ ಅರ್ಥವಿದೆ: ಅದಿದ್ದರೆ ಫೋಲ್ಡರ್‌ನೊಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಡಾಕ್ಸ್‌ನೊಳಗೆ ಇನ್ನೊಂದು ಡಾಕ್ಸ್ ಹುಟ್ಟುತ್ತದೆ. ಚೆಕ್‌ಸಮ್ ಬೇಕಾಗುವುದು ಗಿಟ್‌ನ ಸ್ವಭಾವದಿಂದ. ಆರ್‌ಸಿಂಕ್ ಸಾಮಾನ್ಯವಾಗಿ ಕಡತದ ಗಾತ್ರ ಮತ್ತು ಬದಲಾದ ಸಮಯವನ್ನು ನೋಡಿ ತೀರ್ಮಾನಿಸುತ್ತದೆ, ಗಿಟ್ ಕ್ಲೋನ್ ಮಾಡಿದಾಗ ಎಲ್ಲ ಕಡತಗಳಿಗೂ ಆ ಕ್ಷಣದ ಸಮಯ ಬೀಳುತ್ತದೆ. ಇಡೀ ರೆಪೊಸಿಟರಿಯನ್ನೇ ಆರ್‌ಸಿಂಕ್‌ಗೆ ಕೊಡುವವರು ಎಕ್ಸ್‌ಕ್ಲೂಡ್ ಆಯ್ಕೆಯನ್ನು ಮರೆತರೆ ಗುರಿಯ ಗಿಟ್ ಇತಿಹಾಸವೇ ಮೂಲದ್ದರಿಂದ ಮುಚ್ಚಿಹೋಗುತ್ತದೆ. ಮ್ಯಾಕ್ಸ್-ಡಿಲೀಟ್ ಎಂಬ ಆಯ್ಕೆಗೆ ಒಂದು ಸಂಖ್ಯೆ ಕೊಟ್ಟರೆ ಅದಕ್ಕಿಂತ ಹೆಚ್ಚು ಕಡತಗಳನ್ನು ಅದು ಅಳಿಸುವುದಿಲ್ಲ. ಸ್ವಯಂಚಾಲಿತ ಓಟಗಳಲ್ಲಿ ಇದನ್ನು ಸೇರಿಸಿಕೊಳ್ಳಿ.

ಆಮೇಲೆ ‘ಗಿಟ್ ಆ್ಯಡ್ -ಎ ಡಾಕ್ಸ್’. ಇಲ್ಲಿನ ಎ ದೊಡ್ಡಕ್ಷರ. ಉಳಿದದ್ದು ಹಿಂದಿನಂತೆಯೇ.

ತಾನಾಗಿ ಓಡುವಂತೆ

ಕೈಯಿಂದ ಕೆಲವು ಸಲ ಓಡಿಸಿ ನಂಬಿಕೆ ಬಂದ ಮೇಲೆ ಮಾತ್ರ ಇದನ್ನು ಯಂತ್ರಕ್ಕೆ ಕೊಡಿ. ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಸಾಕು, ಆದರೆ ಮೂಲದ ಮೇನ್ ಬ್ರಾಂಚ್‌ಗೆ ಪುಷ್ ಆದಾಗಲೇ ಓಡುವ ವ್ಯವಸ್ಥೆ ಇನ್ನೂ ಒಳ್ಳೆಯದು, ಗುರಿ ಹಿಂದೆ ಬೀಳುವುದಿಲ್ಲ. ಗಿಟ್‌ಹಬ್‌ನಲ್ಲೇ ಇಂಥ ಓಟಗಳನ್ನು (ವರ್ಕ್‌ಫ್ಲೋಗಳನ್ನು) ನಡೆಸುವ ಗಿಟ್‌ಹಬ್ ಆ್ಯಕ್ಷನ್ಸ್ ಬಳಸುವವರಿಗೆ ಮೂರು ವಿಷಯ ಗೊತ್ತಿರಲಿ. ವರ್ಕ್‌ಫ್ಲೋಗೆ ತಾನಾಗಿ ಸಿಗುವ ಟೋಕನ್ (ಪಾಸ್‌ವರ್ಡ್‌ನಂಥ ಪ್ರವೇಶದ ಗುಟ್ಟು) ಆ ರೆಪೊಸಿಟರಿಗೆ ಮಾತ್ರ ಸೀಮಿತ, ಬೇರೆ ರೆಪೊಸಿಟರಿಗೆ ಪುಷ್ ಮಾಡಲು ಅದು ಸಾಲದು. ಚೆಕ್‌ಔಟ್ ಹಂತವು ಕೊನೆಯ ಒಂದು ಕಮಿಟನ್ನಷ್ಟೇ ತರುತ್ತದೆ, ಹಾಗಾಗಿ ಹಳೆಯ ಟ್ರೇಲರ್ ಹುಡುಕುವ ಪರೀಕ್ಷೆ ನಡೆಯಬೇಕಾದರೆ ಫೆಚ್-ಡೆಪ್ತ್ ಎಂಬುದನ್ನು 0 ಎಂದು ಬರೆದು ಪೂರ್ಣ ಇತಿಹಾಸ ತರಿಸಬೇಕು. ಸಾರ್ವಜನಿಕ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ವೇಳಾಪಟ್ಟಿಯ ವರ್ಕ್‌ಫ್ಲೋಗಳು ನಿಂತುಹೋಗುತ್ತವೆ.

ಗುರಿಗೆ ಬರೆಯುವ ಅಧಿಕಾರಕ್ಕೆ ಒಬ್ಬ ವ್ಯಕ್ತಿಯ ಟೋಕನ್ ಬಳಸಬೇಡಿ. ಆ ವ್ಯಕ್ತಿಗೆ ತಲುಪಬಹುದಾದ ಎಲ್ಲ ರೆಪೊಸಿಟರಿಗಳ ಬಾಗಿಲೂ ಅದರಿಂದ ತೆರೆಯಬಹುದು, ಅವರು ತಂಡ ಬಿಟ್ಟ ದಿನ ಓಟವೂ ನಿಲ್ಲುತ್ತದೆ. ಡಿಪ್ಲಾಯ್ ಕೀ ಒಂದೇ ರೆಪೊಸಿಟರಿಗೆ ಕಟ್ಟಿಕೊಂಡಿರುತ್ತದೆ. ಮೂಲಕ್ಕೆ ಓದುವ ಕೀ, ಗುರಿಗೆ ಬರೆಯುವ ಕೀ ಎಂದು ಎರಡು ಮಾಡಿಕೊಳ್ಳಿ.

ದೊಡ್ಡ ತಂಡಗಳಿಗೆ

ಕಳಿಸುವ ದಾರಿಯಲ್ಲಿ ಕಡತಗಳನ್ನು ಮಾರ್ಪಡಿಸಬೇಕಾದರೆ, ಅಂದರೆ ದಾರಿಗಳನ್ನು ಬದಲಿಸಬೇಕು, ಕೆಲವು ಸಾಲುಗಳನ್ನು ತೆಗೆಯಬೇಕು ಎಂದಾದರೆ ಸ್ಕ್ರಿಪ್ಟ್ ಬೆಳೆಸುವುದನ್ನು ಬಿಟ್ಟು ಕಾಪಿಬಾರಾ ನೋಡಿ. ಗೂಗಲ್ ತನ್ನ ಒಳಗಿನ ಮತ್ತು ಹೊರಗಿನ ರೆಪೊಸಿಟರಿಗಳ ನಡುವೆ ಕೋಡ್ ಸಾಗಿಸಲು ಬಳಸುವ, ಮುಕ್ತವಾಗಿ ಸಿಗುವ ಉಪಕರಣ ಅದು. ಅದು ಕೂಡ ಮೂಲದ ಹ್ಯಾಶನ್ನು ಗುರಿಯ ಕಮಿಟ್ ಸಂದೇಶದಲ್ಲೇ ಬರೆದಿಡುತ್ತದೆ, ಮುಂದಿನ ಓಟ ಎಲ್ಲಿಂದ ಶುರುವಾಗಬೇಕೆಂದು ಅದರಿಂದಲೇ ತಿಳಿಯುತ್ತದೆ. ಫೋಲ್ಡರ್‌ನ ಇತಿಹಾಸವೂ, ಕಮಿಟ್ ಮಾಡಿದವರ ಹೆಸರೂ ಗುರಿಗೆ ಬರಬೇಕಾದರೆ ‘ಗಿಟ್ ಸಬ್‌ಟ್ರೀ ಸ್ಪ್ಲಿಟ್’ ಇದೆ. ಇತಿಹಾಸ ಉದ್ದವಾಗಿದ್ದರೆ ಅದು ನಿಧಾನ, ತಾಳ್ಮೆ ಬೇಕು.

ಸಾರ್ವಜನಿಕ ಗುರಿಗೆ ಮೊದಲ ಪುಷ್ ಮಾಡುವ ಮುನ್ನ ‘ಗಿಟ್ ಗ್ರೆಪ್’ ಬಳಸಿ ಡಾಕ್ಸ್ ಫೋಲ್ಡರ್‌ನಲ್ಲಿ ಪಾಸ್‌ವರ್ಡ್, ಟೋಕನ್, ಒಳಗಿನ ಸರ್ವರ್‌ಗಳ ಹೆಸರುಗಳನ್ನು ಹುಡುಕಿ. ಒಂದು ಗುಟ್ಟು ಹೊರಗೆ ಹೋದ ಮೇಲೆ ಮೂಲದಲ್ಲಿ ಅದನ್ನು ಅಳಿಸಿ ಮತ್ತೆ ಓಡಿಸಿದರೆ ಫೋಲ್ಡರ್‌ನಿಂದ ಅದು ಮಾಯವಾಗುತ್ತದೆ, ಗುರಿಯ ಇತಿಹಾಸದಿಂದ ಆಗುವುದಿಲ್ಲ. ಹಾಗೆ ಆಗಿಯೇಬಿಟ್ಟರೆ ಇತಿಹಾಸ ಶುದ್ಧಿಗೆ ಕೂರುವ ಮೊದಲು ಆ ಪಾಸ್‌ವರ್ಡ್ ಅಥವಾ ಟೋಕನನ್ನು ರದ್ದುಮಾಡಿ ಹೊಸದನ್ನು ಪಡೆಯಿರಿ.